ಮೂರನೆಯ ಸಾಲಿನ ನೀರು

ಮೇಡಂ ಅವರಿಗೆ,

ಗಾಜಿನ ಮನೆಯ ಮಾಲಿ ಮಾಡುವ ನಮಸ್ಕಾರ. ಬೆಳಗಿನಿಂದ ಮೂರು ಸಲ ನಿಮ್ಮ ಕೋಣೆಯ ಬಾಗಿಲವರೆಗೆ ಬಂದು ವಾಪಸಾದೆ. ಅದಕ್ಕೇ ಈ ಕಾಗದ.

ಟೊಮ್ಯಾಟೊ ಗಿಡಗಳ ಚುಕ್ಕೆ ರೋಗಕ್ಕೆ ಮೊದಲ ಸಾಲಿಗೆ ಅಂಗಡಿಯ ಔಷಧಿ, ಎರಡನೆಯದಕ್ಕೆ ಬೆಳ್ಳುಳ್ಳಿ ರಸ, ಮೂರನೆಯದಕ್ಕೆ ಬರೀ ನೀರು ಸಿಂಪಡಿಸಲು ಹೇಳಿದ್ದಿರಿ. ಏನೂ ಕೊಡದಿದ್ದರೆ ಏನಾಗುತ್ತದೆಂದು ನೋಡಬೇಕು ಎಂದಿರಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ, ಮೇಡಂ? ಆ ಎಲೆಗಳು ಒಣಗುವುದನ್ನು ನನ್ನಿಂದ ನೋಡಲಾಗಲಿಲ್ಲ. ಔಷಧಿ, ಬೆಳ್ಳುಳ್ಳಿ ರಸ ಎರಡರ ಪಂಪಿನ ತಳದಲ್ಲೂ ಉಳಿದದ್ದನ್ನು ಚೆಲ್ಲುವ ಬದಲು ಒಟ್ಟಿಗೆ ಬೆರೆಸಿ, ಪ್ರತಿ ಸಲವೂ ಮೂರನೆಯ ಸಾಲಿಗೇ ಹೊಡೆದೆ. ಈಗ ಎಲ್ಲಕ್ಕಿಂತ ಹಸಿರಾಗಿರುವುದು ಅದೇ. ನೀವು ಬೆರಗಾಗಿ ಫೋಟೋ ತೆಗೆಯುವಾಗ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ.

ಮೊನ್ನೆ ಬೆಳೆಗಾರರ ಸಭೆಯಲ್ಲಿ, "ಈ ತಳಿಗೆ ಬರೀ ನೀರೇ ಸಾಕೇನೋ" ಎಂದಿರಂತೆ. ಅದೇ ಟೊಮ್ಯಾಟೊ ಬೆಳೆಯುವ ನನ್ನ ತಂಗಿ ಅಲ್ಲಿದ್ದಳು. ನಿನ್ನೆ ಫೋನ್ ಮಾಡಿ, "ಅಣ್ಣಾ, ಔಷಧಿ ಡಬ್ಬ ಎಲ್ಲಾ ಪಕ್ಕದ ಮನೆಯವ್ರಿಗೆ ಕೊಟ್ಬಿಟ್ಟೆ" ಎಂದಳು. ಅವಳ ತೋಟದಲ್ಲಿ ಆಗಲೇ ಚುಕ್ಕೆ ಶುರುವಾಗಿದೆ.

ನನ್ನನ್ನು ಕೆಲಸದಿಂದ ತೆಗೆಯುವುದಿದ್ದರೆ ಸಂಜೆ ತೆಗೆಯಿರಿ. ಅದಕ್ಕೂ ಮೊದಲು ಅವಳಿಗೊಂದು ಫೋನ್ ಮಾಡಿ. ನಂಬರ್ ಈ ಕಾಗದದ ಹಿಂದೆ ಬರೆದಿದ್ದೇನೆ. ನಾನು ಎಲ್ಲವನ್ನೂ ಬಿಡಿಸಿ ಹೇಳಿ ಆಯಿತು. "ಸುಮ್ನಿರಣ್ಣ, ಮೇಡಂಗಿಂತ ನೀರು ಹಾಕೋನಿಗೆ ಜಾಸ್ತಿ ಗೊತ್ತಾ?" ಎಂದು ಫೋನ್ ಇಟ್ಟುಬಿಟ್ಟಳು.

ಇಂತಿ,
ನಿಮ್ಮ ಮಾಲಿ