ಬಿಸಿಲಿಗೆ ಹಾಕಬೇಕಾದ ಬಟ್ಟೆ

ಪ್ರೀತಿಯ ಅಕ್ಕಾ,

ನಿನ್ನ ಮನೆಗೆ ಬಂದ ಮೇಲೆ ನನ್ನ ಮಗಳು ಒಂದು ಸಲವೂ ಕೆಮ್ಮಿಲ್ಲ ಅಂತ ಬರೆದಿದ್ದೀಯ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಮ್ಮ ಕೆಮ್ಮಿ ಕೆಮ್ಮಿಯೇ ಹೋದಳು, ನನಗೂ ಅದೇ ಕೆಮ್ಮು. ಇದು ನಮ್ಮ ವಂಶದ ಆಸ್ತಿ ಅಂತಲೇ ನಂಬಿದ್ದೆವು. ಮಗಳು ಮೊದಲ ಸಲ ಕೆಮ್ಮಿದಾಗ "ಥೇಟ್ ಅಜ್ಜಿ" ಅಂತ ನಕ್ಕಿದ್ದೆವಲ್ಲ! ನೀನು ಮದುವೆಯಾಗಿ ಈ ಬಾಡಿಗೆ ಕೋಣೆ ಬಿಟ್ಟ ಮೇಲೆ ನಿನ್ನ ಕೆಮ್ಮೂ ನಿಂತಿತ್ತು. ಅದು ಯಾರಿಗೂ ಹೊಳೆಯಲೇ ಇಲ್ಲ.

ಗೋಡೆ ಒಸರುತ್ತಿದೆ ಅಂತ ಮಾಲೀಕರಿಗೆ ಮತ್ತೆ ಹೇಳಿದೆ. "ಅರಮನೆ ಬೇಕಿದ್ದರೆ ಬೇರೆ ಕಡೆ ನೋಡ್ಕೋ" ಅಂದರು. ನನ್ನ ಕೂಲಿಗೆ ಬಿಸಿಲು ಬೀಳುವ ಕೋಣೆ ಯಾರು ಕೊಡುತ್ತಾರೆ? ಲಾಂಡ್ರಿಯಲ್ಲಿ ದಿನವಿಡೀ ಊರವರ ಚಾದರ ಒಣಗಿಸಿ ಬರುತ್ತೇನೆ, ಮನೆಯಲ್ಲಿ ಮಗಳ ಹಾಸಿಗೆ ಹಿಂಡಿದರೆ ನೀರು.

ಅವಳು ಅಲ್ಲೇ ಇರಲಿ ಅಕ್ಕಾ. ಭಾವನನ್ನು ಹೇಗಾದರೂ ಒಪ್ಪಿಸು.

ಅವಳ ಬಟ್ಟೆ ಕಳಿಸಿದ್ದೇನೆ. ಚೆನ್ನಾಗಿ ಒಗೆದು, ಈ ಮುಗ್ಗಲು ವಾಸನೆ ಪೂರ್ತಿ ಹೋಗುವ ತನಕ ಬಿಸಿಲಿಗೆ ಹಾಕಿ, ಆಮೇಲೆ ಕೊಡು. ಹಾಗೇ ಕೊಟ್ಟರೆ ಮೂಸಿ ನೋಡಿ, "ಅಮ್ಮನ ವಾಸನೆ" ಅಂತ ಮನೆಗೆ ಹೊರಟುಬಿಡುತ್ತಾಳೆ.

ನಿನ್ನ ತಂಗಿ