ಆಮೇಲೆ ಎಂಬ ಸನ್ನೆ

ಜೂನ್ 3, ಸೋಮವಾರ

ಬೆಳಿಗ್ಗೆಯಿಂದ ಉಸಿರಾಡಲು ಬಿಡುವಿಲ್ಲ. ಪಾರ್ಶ್ವವಾಯು ಹೊಡೆದವರಿಗೆ ಮಾತು ಕಲಿಸು, ನುಂಗಲು ಕಲಿಸು — ಸಂಜೆಗೆ ನನ್ನ ಗಂಟಲೇ ಬಿದ್ದುಹೋಗಿದೆ. ಈಗ ಹೊಸ ಟ್ರೈನಿಯ ಉಸ್ತುವಾರಿ ಬೇರೆ. ವಾರಕ್ಕೊಂದು ಗಂಟೆ ಅವಳ ಜೊತೆ ಕೂತು ಮಾತಾಡಬೇಕಂತೆ. ಕೂತೆ. ಊಟದ ಡಬ್ಬಿ ಬಿಚ್ಚುತ್ತಲೇ ಕೇಳಿದೆ.

"ಎಲ್ಲಾ ಸರಿಯಾಗಿದೆಯಾ?"

"ಸರಿ ಮೇಡಂ."

"ಏನಾದ್ರೂ ಕೇಳೋದಿದೆಯಾ?"

"ಇಲ್ಲ ಮೇಡಂ."

ಮನಸ್ಸಿನಲ್ಲೇ ಹೆಸರಿಟ್ಟೆ — ಸರಿಮೇಡಂ. ಊಟ ಮುಗಿಯುವ ಮೊದಲೇ ಮಾತು ಮುಗಿಯಿತು. ಒಳ್ಳೆಯದೇ ಆಯಿತು.

ಜೂನ್ 10

ಇವತ್ತೂ ಅದೇ. ಮಧ್ಯೆ ಅತ್ತೆಯ ಫೋನ್. ಕಣ್ಣಿನ ಆಪರೇಷನ್ ಮುಂದೆ ಹೋಯಿತಂತೆ. ಮನೆಗೆ ಬಂದು ಇವರಿಗೆ ಹೇಳಿದೆ, "ಮಾತು ಕಲಿಸೋಕೆ ಬಂದವಳಿಗೇ ಬಾಯಿಲ್ಲ ಕಣ್ರೀ."

ಪೇಪರಿನಿಂದ ತಲೆ ಎತ್ತದೆ, "ನಿನ್ನ ಮುಂದೆ ಯಾರಿಗಿದೆ?" ಅಂದರು. ನಗು ಬರಲಿಲ್ಲ.

ಜೂನ್ 19, ಬುಧವಾರ

ಬಸ್ ಓಡಿಸಿ ರಿಟೈರ್ ಆದ ಡ್ರೈವರ್ ಅಜ್ಜನಿಗೆ ಜ್ವರ. ಎದೆಯಲ್ಲಿ ಗೊರಗೊರ. ನೀರು ಕೊಟ್ಟರೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಪುಡಿ ಬೆರೆಸಿ ಮಂದ ಮಾಡಿಯೇ ಕೊಡಿ ಎಂದು ಎಲ್ಲರಿಗೂ ಹೇಳಿದ್ದೆ. ಯಾರೋ ಬರೀ ನೀರು ಕೊಟ್ಟಿದ್ದಾರೆ.

"ಯಾರು?" — ರೌಂಡ್ಸಿನಲ್ಲಿ ಡಾಕ್ಟರ್.

ಸರಿಮೇಡಂ ಮುಖದಲ್ಲಿ ರಕ್ತವಿರಲಿಲ್ಲ. ಗೊತ್ತಾಯಿತು.

"ವಿಚಾರಿಸಿ ನಾನೇ ಹೇಳ್ತೀನಿ ಡಾಕ್ಟ್ರೇ" ಅಂದೆ.

ಮೆಟ್ಟಿಲ ಹತ್ತಿರ ಸಿಕ್ಕಿದಳು. ಬೈಗುಳ ನಾಲಿಗೆ ತುದಿಯಲ್ಲಿತ್ತು. ಅವಳೇ ಶುರು ಮಾಡಿದಳು.

"ಮೊನ್ನೆ ಸೋಮವಾರ ಅಜ್ಜ ಅತ್ತುಬಿಟ್ರು ಮೇಡಂ. ಒಂದು ಗುಟುಕು ನೀರು ಕೊಡು ಮಗಳೇ ಅಂದ್ರು. ಚಮಚದಲ್ಲಿ ಕೊಟ್ಟೆ. ಕೆಮ್ಮಿದ್ರು."

"ಆಗಲೇ ನನಗ್ಯಾಕೆ ಹೇಳಲಿಲ್ಲ?"

"ಬಂದಿದ್ದೆ. ನೀವು ಫೋನಲ್ಲಿದ್ರಿ. ಆಮೇಲೆ ಅಂತ ಕೈ ಮಾಡಿದ್ರಿ. ಊಟಕ್ಕೆ ಕೂತಾಗ ಕೇಳಿದ್ರಿ, ಎಲ್ಲಾ ಸರಿಯಾಗಿದೆಯಾ ಅಂತ…"

"ನಡಿ" ಅಂದೆ.

ಡಾಕ್ಟರ ಬಳಿ ಇಬ್ಬರೂ ಹೋದೆವು. ಇಬ್ಬರಿಗೂ ಸಮಪಾಲು ಮಂಗಳಾರತಿ. ಅಜ್ಜನ ಮಗಳಿಗೆ ಅವಳೇ ಹೇಳಿದಳು, ನಾನು ಪಕ್ಕದಲ್ಲಿ ನಿಂತೆ. "ನಿಮ್ಮನ್ನ ನಂಬಿ ಬಿಟ್ಟು ಹೋಗಿದ್ದೆ" ಅಂದಳು ಆಕೆ, ಅಷ್ಟೆ. ಬೈದಿದ್ದರೆ ವಾಸಿಯಿತ್ತು.

ಜೂನ್ 24, ಸೋಮವಾರ

ಅಜ್ಜನ ಜ್ವರ ಇಳಿದಿದೆ. ಸದ್ಯ.

ಫೋನ್ ಬೀರುವಿನಲ್ಲಿಟ್ಟೆ. ಡಬ್ಬಿ ಬಿಚ್ಚಲಿಲ್ಲ. "ಬೆಳಿಗ್ಗೆ ನಾನು ಪಾರ್ಶ್ವವಾಯು ಹೊಡೆದ ಆ ಟೀಚರಮ್ಮನಿಗೆ ಮಾತು ಕಲಿಸಿದ್ದು ನೋಡಿದೆಯಲ್ಲ, ಎಲ್ಲಿ ಎಡವಿದೆ ಹೇಳು" ಅಂದೆ.

ಸುಮ್ಮನೆ ಕಾಯುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ.

"ಅವರು ಪದ ಹುಡುಕ್ತಾ ಇರ್ತಾರೆ ಮೇಡಂ. ಅಷ್ಟರಲ್ಲಿ ನೀವೇ ಹೇಳಿಬಿಡ್ತೀರ."

ಮೈ ಉರಿಯಿತು. ನಿಜ.

"ಇನ್ನೇನು?" ಅಂದೆ. ಇನ್ನೂ ಇತ್ತು.

ಜುಲೈ 9, ಮಂಗಳವಾರ

ಸುಸ್ತು. ಬ್ಯಾಗ್ ಹೆಗಲಿಗೇರಿಸಿ ಹೊರಟಿದ್ದೆ, ಸರಿಮೇಡಂ ಬಂದಳು. ಮಕ್ಕಳ ವಾರ್ಡಿನ ಪುಟ್ಟ ಹುಡುಗಿ ತುತ್ತು ಬಾಯಲ್ಲೇ ಇಟ್ಟುಕೊಳ್ಳುತ್ತಾಳಂತೆ, ನುಂಗುವುದಿಲ್ಲ. ಏನೇನು ಮಾಡಿದಳು, ಯಾವುದು ಕೈಕೊಟ್ಟಿತು, ಎಲ್ಲ ಹೇಳಿದಳು. ಬ್ಯಾಗ್ ಕೆಳಗಿಟ್ಟೆ.

"ನನಗೂ ಗೊತ್ತಾಗ್ತಿಲ್ಲ ಕಣೇ" ಅಂದೆ. ಅವಳು ಕುರ್ಚಿ ಎಳೆದುಕೊಂಡು ಕೂತಳು.

ಬಸ್ಸು ತಪ್ಪಿತು. ಕಾಲು ಸೇದುತ್ತಿದೆ, ಕಣ್ಣು ಎಳೆಯುತ್ತಿದೆ. ನಾಳೆ ಮೊದಲು ಆ ಹುಡುಗಿ. ಟ್ರೈನಿಯೇ ತಿನ್ನಿಸಲಿ, ನಾನು ಹಿಂದೆ ಕೂತು ಸುಮ್ಮನೆ ನೋಡುತ್ತಾ…