ಅಪ್ಪನ ಸಕ್ಕರೆ ಇಲ್ಲದ ಥಾಯ್ ಟೀ

ಅಂಗಡಿ ಹಿಂದಿನ ಕೋಣೆಯಿಂದ,
ಭಾನುವಾರ ಮಧ್ಯಾಹ್ನ, ಜೂನ್ ೮

ಪ್ರೀತಿಯ ಕುಳ್ಳಾ,

ಹೇಗಿದ್ದೀಯೋ? ಕೆಮ್ಮು ನಿಂತಿತಾ? ಹೋದ ಸಲ ಬಂದರಿನಿಂದ ಫೋನ್ ಮಾಡಿದಾಗ ಮಾತಿಗಿಂತ ಕೆಮ್ಮೇ ಜಾಸ್ತಿ ಕೇಳಿಸ್ತಿತ್ತು. ಎಂಜಿನ್ ಕೋಣೆಯ ಸೆಕೆಯಲ್ಲಿ ಬೆವರಿ ಬಂದು ಹಾಗೇ ಸಮುದ್ರದ ಗಾಳಿಗೆ ಎದೆ ಕೊಟ್ಟು ನಿಲ್ಲಬೇಡ ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ. ನಿನಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ. ಅಮ್ಮ ಹೆಣೆದು ಕೊಟ್ಟ ಉಣ್ಣೆ ಟೋಪಿ ಹಾಕ್ಕೋ. ಅದು ಹಾಕ್ಕೊಂಡ್ರೆ ಮಂಗನ ಹಾಗೆ ಕಾಣ್ತೀಯ, ಒಪ್ಪಿದೆ, ಆದರೆ ನಡುನೀರಿನಲ್ಲಿ ನಿನ್ನ ಚಂದ ನೋಡೋಕೆ ಯಾರು ಕೂತಿದ್ದಾರೆ? ನಾವೆಲ್ಲ ಚೆನ್ನಾಗಿದ್ದೀವಿ ಅಂತ ಬರೆಯೋಣ ಅಂತಲೇ ಪೆನ್ನು ಹಿಡಿದೆ. ಇಲ್ಲ ಕಣೋ, ಚೆನ್ನಾಗಿಲ್ಲ.

ಫೋನಿನಲ್ಲಿ ನೀನು ಒಂದೇ ಮಾತು ತಿರುಗಿಸಿ ಮುರುಗಿಸಿ ಕೇಳಿದೆ: ಸಕ್ಕರೆ ಬಿಟ್ಟು ಇಷ್ಟು ವರ್ಷ ಆದ ಮನುಷ್ಯನಿಗೆ ಕಾಲು ತೆಗೆಯೋವಷ್ಟು ಶುಗರ್ ಹೇಗೆ ಏರಿತು ಅಂತ. ನಾನು ಲೈನ್ ಸರಿ ಇಲ್ಲ, ಕೇಳಿಸ್ತಿಲ್ಲ ಅಂದುಬಿಟ್ಟೆ. ಲೈನ್ ನೆಟ್ಟಗೇ ಇತ್ತು. ಅಮ್ಮ ನನ್ನ ಪಕ್ಕದಲ್ಲೇ ನಿಂತಿದ್ದಳು, ಅವಳ ಮುಂದೆ ಆ ಪ್ರಶ್ನೆಗೆ ಉತ್ತರ ಕೊಡೋಕೆ ನನಗೆ ಬಾಯಿ ಬರಲಿಲ್ಲ. ಈ ಕಾಗದ ನಿನ್ನ ಕಂಪನಿ ಆಫೀಸಿಗೆ ಹೋಗಿ, ಅಲ್ಲಿಂದ ಯಾವ ಬಂದರಿನಲ್ಲಿ ನಿನ್ನ ಕೈ ಸೇರುತ್ತೋ ಗೊತ್ತಿಲ್ಲ. ಸೇರಿದ ಮೇಲೆ ಒಬ್ಬನೇ ಕೂತು ಓದು.

ಕಾಲಿನ ಕಥೆ ನಿನಗೆ ಅರ್ಧ ಗೊತ್ತು. ಬಟ್ಟೆ ಚೀಲದಲ್ಲಿ ಟೀ ಸೋಸಿ ಆ ಪಾತ್ರೆಯಿಂದ ಈ ಪಾತ್ರೆಗೆ ಎತ್ತಿ ಹೊಯ್ಯುವಾಗ ಕುದಿಯೋ ಟೀ ಅಪ್ಪನ ಪಾದದ ಮೇಲೆ ಚೆಲ್ಲಿದೆ. ಅವರಿಗೆ ಗೊತ್ತೇ ಆಗಿಲ್ಲ! ಒಗೆಯೋಕೆ ಅಂತ ನಾನು ಕಾಲುಚೀಲ ಎಳೆದಾಗ ಅದು ಚರ್ಮಕ್ಕೆ ಅಂಟಿಕೊಂಡಿತ್ತು. ಕಿರುಚಿದ್ದು ನಾನು, ಅವರಲ್ಲ. ನೋವೇ ಇಲ್ಲ ಕಣೇ, ಊರು ಒಂದು ಮಾಡಬೇಡ ಅಂತ ನನಗೇ ಗದರಿದರು. ನೋವು ತಿಳಿಯದೇ ಹೋದದ್ದೇ ಕಾಯಿಲೆಯ ಗುರುತು ಅಂತ ಆಮೇಲೆ ಡಾಕ್ಟರು ಹೇಳಿದರು. ಮೊದಲು ಬೆರಳು ಹೋಯ್ತು, ಆಮೇಲೆ ಮೊಣಕಾಲಿನ ಕೆಳಗಿನದೆಲ್ಲ ಹೋಯ್ತು. ನಿನಗೆ ಹೇಳದೆ ಉಳಿಸಿಕೊಂಡದ್ದು ಇನ್ನೊಂದಿದೆ. ಕಿಡ್ನಿಯೂ ಕೈಕೊಟ್ಟಿದೆ. ಮನೆಗೆ ಕರ್ಕೊಂಡು ಹೋಗಿ, ಅವರ ಜೊತೆ ಇರಿ ಅಂದರು ಡಾಕ್ಟರು. ಆ ಮಾತನ್ನ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂಗಡಿ ಹಿಂದಿನ ಈ ಕೋಣೆಯಲ್ಲೇ ಮಂಚ ಹಾಕಿದ್ದೀವಿ, ಟೀ ಕುದಿಯೋ ಸದ್ದು ಕಿವಿಗೆ ಬೀಳ್ತಾ ಇರಲಿ ಅಂತ ಅವರೇ ಕೇಳಿಕೊಂಡರು.

ಇನ್ನು ನಿನ್ನ ಪ್ರಶ್ನೆ. ಥಾಯ್ ಟೀ ಬಗ್ಗೆ ನಿನಗೆ ಹೇಳೋದು ಮೀನಿಗೆ ಈಜು ಕಲಿಸಿದ ಹಾಗೆ, ಆದರೂ ಬರೀತೀನಿ, ಎಡವಟ್ಟೆಲ್ಲ ಇರೋದು ಅದರೊಳಗೇ. ಡಿಕಾಕ್ಷನ್ ಬಿಸಿ ಇರುವಾಗಲೇ ಸಕ್ಕರೆ ಸುರೀಬೇಕು, ಆಮೇಲೆ ಡಬ್ಬಿಯಲ್ಲಿ ಬರೋ ಗಟ್ಟಿ ಹಾಲು, ಲೋಟದ ತುಂಬ ಐಸ್, ಕೊನೆಗೆ ಮೇಲೊಂದು ಸುತ್ತು ತೆಳು ಹಾಲು. ಬಿಸಿಯಲ್ಲಿ ರುಚಿ ನೋಡಿದ್ರೆ ಗಂಟಲು ಕಟ್ಟಬೇಕು, ಆಗಲೇ ಐಸಿನ ಮೇಲೆ ಸರಿಹೋಗೋದು, ತಣ್ಣಗಾದ ಮೇಲೆ ನಾಲಿಗೆಗೆ ಸಿಹಿ ಅರ್ಧವೇ ತಿಳಿಯೋದು ಅಂತ ಅಪ್ಪ ನಮ್ಮಿಬ್ಬರನ್ನೂ ನಿಲ್ಲಿಸಿ ಪಾಠ ಮಾಡ್ತಿದ್ದರಲ್ಲ. ನಮ್ಮ ಅಂಗಡಿಯಲ್ಲಿ ಸಕ್ಕರೆ ಅಂದ್ರೆ ಭರಣಿಯಲ್ಲಿರೋದು. ಡಬ್ಬಿಯಲ್ಲಿರೋದು ಹಾಲು. ಗಿರಾಕಿ ಸಕ್ಕರೆ ಬೇಡ ಅಂದ್ರೆ ಭರಣಿ ಮುಚ್ಚಳ ತೆಗೀತಿರಲಿಲ್ಲ, ಅಷ್ಟೇ. ಡಬ್ಬಿ ಹಾಲು ಯಥಾಪ್ರಕಾರ. ನಾನೂ ಹಾಗೇ ಕೊಟ್ಟಿದ್ದೀನಿ, ನೀನೂ ಹಾಗೇ ಕೊಟ್ಟಿದ್ದೀಯ. ಅದು ಸಿಹಿ ಅಂತ ನಾಲಿಗೆಗೆ ಗೊತ್ತಿತ್ತು ಕಣೋ, ತಲೆಗೆ ಹೊಳೀಲಿಲ್ಲ. ಹಾಲನ್ನ ಕಾಯಿಸಿ ಕಾಯಿಸಿ ಬತ್ತಿಸಿದ್ರೆ ತಾನಾಗೇ ಸಿಹಿ ಆಗುತ್ತೆ, ಹಾಲಿನ ಸಿಹಿ ಯಾರಿಗೇನು ಮಾಡುತ್ತೆ ಅಂದ್ಕೊಂಡಿದ್ವಿ.

ಅಪ್ಪನಿಗೆ ಶುಗರ್ ಅಂತ ಗೊತ್ತಾದ ಮೇಲೆ ಅವರ ಲೋಟ ಅಮ್ಮನೇ ಕಲಸೋಳು, ನನ್ನನ್ನೂ ಮುಟ್ಟಗೊಡ್ತಿರಲಿಲ್ಲ. ಭರಣಿಯ ಚಮಚ ಅಪ್ಪಿತಪ್ಪಿ ತಾಗೀತು ಅಂತ ಆ ಲೋಟಕ್ಕೆ ಬೇರೆ ಚಮಚ ಇಟ್ಟಿದ್ದಳು. ಅಷ್ಟು ಮಡಿ! ಅಪ್ಪ ಒಂದು ಗುಟುಕು ಕುಡಿದು, ಸಪ್ಪೆ ಕಣೇ ಅಂತ ಮುಖ ಸಿಂಡರಿಸೋರು. ಅಮ್ಮನಿಗೆ ಕರುಳು ಚುರುಕ್ ಅನ್ನೋದು. ಬೀದಿಗೆಲ್ಲ ಸಿಹಿ ಹಂಚಿದ ಮನುಷ್ಯ ತಾನು ಸಪ್ಪೆ ನೀರು ಕುಡೀಬೇಕಲ್ಲ, ಸಕ್ಕರೆಯಂತೂ ಇಲ್ಲ, ಹಾಲಾದರೂ ಮೈಗೆ ಹತ್ತಲಿ ಅಂತ ಡಬ್ಬಿ ಇನ್ನೊಂದು ಸಲ ಬಗ್ಗಿಸೋಳು. ಅವರು ಮತ್ತೆ ಸಪ್ಪೆ ಅನ್ನೋರು, ಇವಳು ಮತ್ತೆ ಬಗ್ಗಿಸೋಳು. ಬರ್ತಾ ಬರ್ತಾ ಆ ಲೋಟದಲ್ಲಿ ಟೀ ಎಲ್ಲಿದೆ ಅಂತ ಹುಡುಕಬೇಕಿತ್ತು. ಎದುರಿನ ಟೈಲರ್ ಹೆಂಡತಿ ಹತ್ರ ಎಷ್ಟು ಜಂಬ ಪಡ್ತಿದ್ದಳು ಗೊತ್ತಾ, ನಮ್ಮವರು ಸಕ್ಕರೆಯನ್ನ ಕಣ್ಣೆತ್ತಿಯೂ ನೋಡಲ್ಲ ಅಂತ.

ಆಸ್ಪತ್ರೆಯಲ್ಲಿ ಪಥ್ಯ ಹೇಳೋ ಮೇಡಂ ಒಬ್ಬರು ಬಂದು, ಏನೇನು ತಿಂತಾರೆ ಕುಡೀತಾರೆ ಅಂತ ವಿಚಾರಿಸಿದರು. ಅಮ್ಮ ಶಾಲೆಯಲ್ಲಿ ಬಹುಮಾನ ತಗೊಳ್ಳೋ ಹುಡುಗಿ ಹಾಗೆ ಸೆಟೆದು ನಿಂತು, ಸಕ್ಕರೆ ಇಲ್ಲದ ಟೀ, ಬರೀ ಹಾಲು ಅಂದಳು. ಅಲ್ಲೇ ಕಲಸಿ ಕೊಡೋಕೆ ಅಂತ ಡಬ್ಬಿಯನ್ನೂ ಚೀಲದಲ್ಲಿ ತಂದಿದ್ದಳು, ತೆಗೆದು ತೋರಿಸಿದಳು. ಆ ಮೇಡಂ ಡಬ್ಬಿ ತಿರುಗಿಸಿ ಸಣ್ಣ ಅಕ್ಷರ ಓದಿ, ಅಮ್ಮಾ ಇದರಲ್ಲಿ ಹತ್ರ ಹತ್ರ ಅರ್ಧ ಸಕ್ಕರೆಯೇ ಅಂದರು. ಮೆತ್ತಗೇ ಅಂದರು ಪಾಪ, ಬೈಯಲಿಲ್ಲ. ಅಮ್ಮ ನನ್ನ ಮುಖ ನೋಡಿ, ಹಾಲಲ್ವಾ ಇದು ಅಂತ ಕೇಳಿದಳು. ಡಬ್ಬಿಯನ್ನ ಸೆರಗಿನಲ್ಲಿ ಸುತ್ತಿಕೊಂಡು ವರಾಂಡದ ಬೆಂಚಿನ ಮೇಲೆ ಕೂತವಳನ್ನ ಎಬ್ಬಿಸಿ ಮನೆಗೆ ತರೋವಷ್ಟರಲ್ಲಿ ನನಗೆ ಸಾಕುಸಾಕಾಯ್ತು.

ಅವತ್ತಿನಿಂದ ಅಮ್ಮ ಅಮ್ಮನಾಗಿ ಉಳೀಲಿಲ್ಲ. ಅಪ್ಪನನ್ನ ಮನೆಗೆ ಕರ್ಕೊಂಡು ಬಂದ ಮೇಲೂ ಈ ಕೋಣೆಯ ಹೊಸ್ತಿಲು ದಾಟಲಿಲ್ಲ. ತನ್ನ ಕೈಯಾರೆ ಕುಡಿಸಿದ್ದೆಲ್ಲ ಅವರಿಗೆ ವಿಷ ಆಗುತ್ತೆ ಅಂತ, ಗಂಜಿ ಮಾಡಿ ಬಾಗಿಲಲ್ಲಿ ಇಟ್ಟು ಹೋಗೋಳು. ಅನ್ನ ಬಿಟ್ಟಳು. ತೊಳೆದ ಲೋಟಗಳನ್ನೇ ಮತ್ತೆ ಮತ್ತೆ ತೊಳೀತಾ ಬಚ್ಚಲಲ್ಲಿ ಕೂತಿರೋಳು. ಅಪ್ಪನ ಕಣ್ಣು ಬಾಗಿಲ ಕಡೆಗೇ. ನಿಮ್ಮಮ್ಮ ಎಲ್ಲೇ ಅಂತ ಕೇಳಿ ಕೇಳಿ, ಕೊನೆಗೆ ಕೇಳೋದನ್ನೂ ಬಿಟ್ಟರು. ಇರೋ ನಾಲ್ಕು ದಿನ ಇವರಿಬ್ಬರೂ ಒಂದೇ ಸೂರಿನ ಕೆಳಗೆ ಮುಖ ನೋಡದೆ ಕಳೆದುಬಿಡ್ತಾರಲ್ಲಪ್ಪಾ ಅಂತ ನನಗೆ ಜೀವ ಹಿಂಡಿದ ಹಾಗಾಗ್ತಿತ್ತು. ತಡೆಯೋಕಾಗದೆ ನಾನೇ ಅಪ್ಪನಿಗೆ ಡಬ್ಬಿಯ ವಿಷಯ ಎಲ್ಲ ಹೇಳಿದೆ. ಕಣ್ಣು ಮುಚ್ಚಿ ಕೇಳಿಸಿಕೊಂಡರು. ಎಲ್ಲ ಮುಗಿದ ಮೇಲೆ ಕಣ್ಣು ಬಿಟ್ಟು, ಅವಳನ್ನ ಕರಿ ಅಂದರು.

ಅಮ್ಮ ಬಾಗಿಲ ಚೌಕಟ್ಟು ಹಿಡ್ಕೊಂಡು ನಿಂತಳು. ಅಪ್ಪ ಆ ನಿತ್ರಾಣದಲ್ಲೂ ಎಂಥಾ ದನಿ ತೆಗೆದರು ಅಂತೀಯ! ಏನೇ, ಸಾಕು ಮಾಡು ನಿನ್ನ ಗೋಳು, ಡಬ್ಬಿಯಲ್ಲಿ ಸಕ್ಕರೆ ಇದೆ ಅಂತ ನನಗೆ ಗೊತ್ತಿರಲಿಲ್ವಾ ಅಂದರು. ಈ ಟೀ ಕಲಿಸಿಕೊಟ್ಟ ಥಾಯ್ ಅಡುಗೆಯವನು ಮೊದಲ ದಿನವೇ ಹೇಳಿದ್ದನಂತೆ. ಬಾಯಿ ಚಪಲಕ್ಕೆ ಬೇಕುಬೇಕಂತಲೇ ಸಪ್ಪೆ ಸಪ್ಪೆ ಅಂದು ಹಾಕಿಸಿಕೊಂಡರಂತೆ, ನಿನ್ನನ್ನ ಚೆನ್ನಾಗಿ ಯಾಮಾರಿಸಿದೆ ಅಂತ ನಗು ಬೇರೆ. ಅಮ್ಮನ ಕೈ ಚೌಕಟ್ಟು ಬಿಟ್ಟಿತು. ಆಮೇಲೆ ನೋಡು ಶುರುವಾಯ್ತು! ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಕುಡಿದ್ರಾ, ನಿಮ್ಮ ನಾಲಿಗೆಗೆ ಬೆಂಕಿ ಬೀಳ, ನನ್ನ ಕೈಯಲ್ಲೇ ಮಾಡಿಸಿಕೊಂಡ್ರಲ್ಲ, ನಾನು ನಿಮಗೇನು ಅನ್ಯಾಯ ಮಾಡಿದ್ದೆ ಅಂತ ಬೈದಳು, ಅತ್ತಳು, ಹೊಸ್ತಿಲು ದಾಟಿ ಬಂದು ಮಂಚದ ಮೇಲೆ ಕೂತು ಅವರ ಭುಜಕ್ಕೆ ಹಣೆ ಇಟ್ಟು ಮತ್ತೆ ಬೈದಳು. ಟೈಲರ್ ಹೆಂಡತಿ ಓಡಿ ಬಂದು ಇಣುಕಿದಳು. ಅವತ್ತು ಮಧ್ಯಾಹ್ನ ಅಪ್ಪನಿಗೆ ಗಂಜಿ ಕುಡಿಸಿ, ಪಾತ್ರೆ ತಳದಲ್ಲಿ ಉಳಿದದ್ದನ್ನ ತಾನೂ ತಿಂದಳು.

ಈಗ ಹಗಲೆಲ್ಲ ಅವರ ಹತ್ರವೇ ಇರ್ತಾಳೆ, ಬೈಕೊಂಡೇ ಇರ್ತಾಳೆ. ನನಗೆ ಮಾತ್ರ ಅಪ್ಪನ ಮೇಲೆ ಸಿಟ್ಟು ಇಳಿದಿಲ್ಲ ಕುಳ್ಳಾ. ನಾಲಿಗೆ ರುಚಿಗೋಸ್ಕರ ಕಾಲು ಕಳ್ಕೊಂಡರು, ಜೀವಕ್ಕೂ ಕುತ್ತು ತಂದುಕೊಂಡರು, ನಮ್ಮನ್ನೂ ಬೀದಿಪಾಲು ಮಾಡಿ ಹೊರಟಿದ್ದಾರೆ. ಎರಡು ದಿನದಿಂದ ಅವರಿಗೆ ನೆಟ್ಟಗೆ ಉತ್ತರ ಕೊಟ್ಟಿಲ್ಲ ನಾನು. ನಿನ್ನ ಪ್ರಶ್ನೆಗೆ ಉತ್ತರ ಇಷ್ಟೇ. ರಜೆಗೆ ಅರ್ಜಿ ಹಾಕು, ಯಾರ ಕೈಕಾಲಾದರೂ ಹಿಡಿ. ಅಪ್ಪ ದಿನೇ ದಿನೇ ಸಣ್ಣಗಾಗ್ತಿದ್ದಾರೆ.

ಅಪ್ಪ, ಅಮ್ಮ ಇಬ್ಬರ ಆಶೀರ್ವಾದವೂ ಈ ಕಾಗದದಲ್ಲಿದೆ ಅಂತ ತಿಳ್ಕೋ. ಟೈಲರ್ ಹೆಂಡತಿಯೂ ಕೇಳಿದೆ ಅಂತ ಬರಿ ಅಂದಳು. ಮೈ ಕಡೆ ಜೋಪಾನ, ಟೋಪಿ ಮರೀಬೇಡ.

ನಿನ್ನ,
ಮೆಣಸಿನಕಾಯಿ ಅಕ್ಕ

ಮರೆತ ಮಾತು: ಅಂಟಿಸಿದ ಕವರು ಬಿಚ್ಚಿ ಬರೀತಿದ್ದೀನಿ. ಈಗ ಅಮ್ಮ ಗಿರಾಕಿ ಬಂದರು ಅಂತ ಮುಂದಕ್ಕೆ ಹೋದಾಗ ಅಪ್ಪ ಕೈಸನ್ನೆ ಮಾಡಿ ಕರೆದರು. ಹತ್ತಿರ ಬಗ್ಗಿದೆ. ಆ ಡಬ್ಬಿ ಹಾಲು ಅಷ್ಟೊಂದು ಸಿಹಿ ಇರ್ತಿತ್ತೇನೇ, ನನ್ನ ನಾಲಿಗೆಗೆ ಸಿಹಿ ಅನ್ನೋದು ಹತ್ತೋದು ನಿಂತು ಎಷ್ಟು ಕಾಲವಾಯ್ತೋ ಅಂತ ಪಿಸುಗುಟ್ಟಿದರು. ನಿಮ್ಮಮ್ಮನಿಗೆ ಹೇಳೀಯ, ಜೋಕೆ ಅಂತ ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡರು. ಅವರಿಗೆ ಏನೂ ಗೊತ್ತಿರಲಿಲ್ಲ ಕಣೋ. ನೀನು ಬಂದಾಗ ನಿನಗೂ ಅದೇ ಕಥೆ ಹೇಳ್ತಾರೆ, ನಂಬಿದ ಹಾಗೆ ಮಾಡು. ಬೇಗ ಬಾ, ಬಂದು ಬಾಯಿಗೆ ಬಂದ ಹಾಗೆ ಅಪ್ಪನನ್ನ ಬೈಯಿ, ಅಮ್ಮನಿಗೆ ಕೇಳೋ ಹಾಗೆ ಬೈಯಿ.